ಅಂಚಿಗೆ ಅಂಟಿಕೊಳ್ಳಬೇಡಿ: ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸೈಕಲ್ ತುಳಿಯುವುದು ಹೇಗೆ?

ಸೈಕಲ್ ಹೊರಗೆ ತೆಗೆದರೆ ಸಾಕು, ಮನೆಯವರು ಹೇಳುವ ಮಾತು ಒಂದೇ: ‘ಸೈಡಲ್ಲೇ ಹೋಗು.’ ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಬೆಂಗಳೂರಿನ ರಸ್ತೆಯ ಆ ಸೈಡಲ್ಲಿ ಏನೇನಿದೆ ಅಂತ ಒಮ್ಮೆ ನಡೆದುಕೊಂಡು ಹೋಗಿ ನೋಡಿ. ಮರಳು, ಜಲ್ಲಿ, ಮೋರಿಯ ಕಬ್ಬಿಣದ ಜಾಲರಿ, ನಿಲ್ಲಿಸಿದ ಕಾರು, ತಳ್ಳುಗಾಡಿ. ಇದರ ಮಧ್ಯೆ ರಾಂಗ್ ಸೈಡಲ್ಲಿ ಬರುವ ಸ್ಕೂಟರ್ ಬೇರೆ. ಅಂಚಿಗೆ ಅಂಟಿಕೊಂಡು ಹೋಗುವವರು ನಾಲ್ಕು ಮಾರಿಗೊಮ್ಮೆ ಏನನ್ನಾದರೂ ತಪ್ಪಿಸಲು ದಿಢೀರನೆ ಬಲಕ್ಕೆ ಬರಲೇಬೇಕು. ಹಿಂದೆ ಬರುತ್ತಿರುವ ಬೈಕಿನವರಿಗೆ ಅದರ ಸುಳಿವೇ ಇರುವುದಿಲ್ಲ. ಗುದ್ದುವುದು ಅಲ್ಲೇ.

ಪ್ರತ್ಯೇಕ ಸೈಕಲ್ ಪಥ ಇದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಕಂಬ ನೆಟ್ಟು ಒಂದು ಪಥ ಮಾಡಿದ್ದರು. ಕಂಬ ಮುರಿದವು, ಬೈಕುಗಳು ನುಗ್ಗಿದವು. ಹಾಗಾಗಿ ಸದ್ಯಕ್ಕೆ ಬಸ್ಸು, ಲಾರಿ, ಆಟೋಗಳ ನಡುವೆಯೇ ಹೋಗಬೇಕು. ಹೇಗೆ ಹೋಗುವುದು ಅಂತ ನೋಡೋಣ.

ಮೊದಲು ಸೈಕಲ್

ಇದಕ್ಕೆ ಜಾಸ್ತಿ ಹೊತ್ತು ಬೇಡ. ಟೈರ್ ಒತ್ತಿ ನೋಡಿ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ, ಜಗ್ಗಬಾರದು. ಮುಂದೆ ಬಿಳಿ ಲೈಟ್, ಹಿಂದೆ ಕೆಂಪು ಲೈಟ್ ಹಾಕಿಸಿ. ಮುಂದಿನದನ್ನು ಸ್ವಲ್ಪ ನೆಲದ ಕಡೆಗೆ ಬಾಗಿಸಿ, ಎದುರಿನವರ ಕಣ್ಣಿಗೆ ಹೊಡೆಯಬಾರದು. ಪೆಡಲ್ ಮೇಲೆ ರಿಫ್ಲೆಕ್ಟರ್ ಇರಲಿ, ಅಥವಾ ಕಾಲಿನ ಗಿಣ್ಣಿಗೆ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ. ಮೇಲೆ ಕೆಳಗೆ ಆಡುವ ಹೊಳಪು ಕಂಡ ಕೂಡಲೇ, ಇದು ಸೈಕಲ್ ಅಂತ ಹಿಂದಿನವರಿಗೆ ಹೊಳೆಯುತ್ತದೆ. ಸುಮ್ನೆ ಒಂದೇ ಕಡೆ ಇರುವ ಕೆಂಪು ಚುಕ್ಕೆಯಿಂದ ಅಷ್ಟು ಬೇಗ ಗೊತ್ತಾಗುವುದಿಲ್ಲ.

ಬಲಗಡೆ ಹ್ಯಾಂಡಲ್‌ಗೆ ಒಂದು ಸಣ್ಣ ಕನ್ನಡಿ ಹಾಕಿಸಿ. ದುಬಾರಿ ಸೈಕಲ್ ಇರುವವರಿಗೆ ಕನ್ನಡಿ ಎಂದರೆ ಯಾಕೋ ನಾಚಿಕೆ. ನನಗಂತೂ ಹೆಲ್ಮೆಟ್ಟಿನಷ್ಟೇ ಅದೂ ಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಹಣೆ ತೆರೆದುಕೊಂಡು ಹಿಂದಕ್ಕೆ ಜಾರಿರಬಾರದು. ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಹೋಗುವಷ್ಟು ಮಾತ್ರ ಸಡಿಲ ಇರಲಿ.

ಇಯರ್‌ಫೋನ್ ಬೇಡವೇ ಬೇಡ. ಹಾಗಂತ ಕಿವಿಯನ್ನೇ ನಂಬಿಕೊಂಡೂ ಕೂರಬೇಡಿ. ನಗರದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಜಾಸ್ತಿಯಾಗಿವೆ. ಅವು ಪಕ್ಕಕ್ಕೆ ಬರುವವರೆಗೂ ಸದ್ದಿಲ್ಲ.

ಹಿಂದೆ ನೋಡುವುದನ್ನು ಕಲಿಯಿರಿ

ಟ್ರಾಫಿಕ್‌ಗೆ ಇಳಿಯುವ ಮುನ್ನ ಒಂದು ಕಸುಬು ಕೈಗೆ ಹತ್ತಬೇಕು: ಸೈಕಲ್ ನೇರವಾಗಿ ಹೋಗುತ್ತಿರುವಾಗಲೇ ಬಲ ಭುಜದ ಮೇಲಿಂದ ಹಿಂದೆ ನೋಡುವುದು. ಸುಲಭ ಅನ್ನಿಸುತ್ತದೆ, ಅಲ್ವಾ? ಮಾಡಿ ನೋಡಿ. ಹೊಸಬರು ತಲೆ ತಿರುಗಿಸಿದ ಕೂಡಲೇ ಕೈಯೂ ಅದೇ ಕಡೆ ಎಳೆದು, ಸೈಕಲ್ ಬಲಕ್ಕೆ ವಾಲುತ್ತದೆ.

ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ಮೋಟಾರು ವಾಹನ ಇರುವುದಿಲ್ಲ. ಅಭ್ಯಾಸಕ್ಕೆ ಅದು ಒಳ್ಳೆಯ ಜಾಗ. ಮನೆ ಹತ್ತಿರ ಖಾಲಿ ಮೈದಾನ ಇದ್ದರೂ ಆಯಿತು. ಗೆಳೆಯರೊಬ್ಬರನ್ನು ಹಿಂದೆ ನಿಲ್ಲಿಸಿ, ಅವರು ಎಷ್ಟು ಬೆರಳು ಎತ್ತಿದ್ದಾರೆ ಅಂತ ನೋಡಿ ಕೂಗಿ ಹೇಳಿ. ಭುಜ, ಕೈ ಸಡಿಲ ಬಿಡಿ. ಗಲ್ಲವನ್ನು ಭುಜಕ್ಕೆ ತಾಗಿಸುವ ಹಾಗೆ ತಿರುಗಿ. ಆಮೇಲೆ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈ ಚಾಚುವುದನ್ನೂ ಕಲಿಯಿರಿ.

ಗಂಟೆಗೆ 18 ಕಿ.ಮೀ. ವೇಗದಲ್ಲಿದ್ದರೆ ಸೈಕಲ್ ಒಂದು ಸೆಕೆಂಡಿಗೆ 5 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಒಂದು ಸೆಕೆಂಡ್ ಹಿಂದೆ ನೋಡಿದಿರಿ ಅಂದರೆ 5 ಮೀಟರ್ ಕುರುಡಾಗಿ ಹೋದ ಹಾಗೆ. ಆದ್ದರಿಂದ ಮೊದಲು ಮುಂದಿನ ರಸ್ತೆ ಸಪಾಟಾಗಿದೆಯಾ, ಹಂಪ್ ಏನಾದರೂ ಇದೆಯಾ ಅಂತ ನೋಡಿಕೊಂಡು, ಆಮೇಲೆ ತಿರುಗಿ.

ನಿಮ್ಮ ಜಾಗ ಯಾವುದು?

ರಸ್ತೆಯ ಎಡ ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ. ಅದು ನಿಮ್ಮ ದಾರಿ. ಅಲ್ಲಿದ್ದರೆ ಜಾಲರಿ, ಮರಳು ತಾನಾಗಿಯೇ ಪಕ್ಕಕ್ಕೆ ಉಳಿಯುತ್ತವೆ. ಹಿಂದಿನವರ ಕಣ್ಣಿಗೂ ಬೀಳುತ್ತೀರಿ. ಯಾರಾದರೂ ಒತ್ತಿಕೊಂಡು ಬಂದರೆ ಎಡಕ್ಕೆ ಸರಿಯಲು ಒಂದಿಷ್ಟು ಜಾಗವೂ ಕೈಯಲ್ಲಿರುತ್ತದೆ. ಅಂಚಿನಲ್ಲೇ ಇರುವವರಿಗೆ ಆ ಜಾಗವೇ ಇಲ್ಲ.

ಕಾರುಗಳು ಸಾಲಾಗಿ ನಿಂತಿರುವ ಕಡೆ ಲೆಕ್ಕ ಬೇರೆ. ಎಡಗಡೆ ನಿಂತ ಕಾರಿನ ಡ್ರೈವರ್ ಬಾಗಿಲು ತೆರೆದುಕೊಳ್ಳುವುದು ನಿಮ್ಮ ಕಡೆಗೇ. ಪೂರ್ತಿ ತೆರೆದರೆ ಮೂರು ಅಡಿಗಿಂತ ಜಾಸ್ತಿ ಚಾಚುತ್ತದೆ. ಕಾರಿನ ಮೈಯಿಂದ ನಾಲ್ಕಡಿ ದೂರ ಇರಿ. ಇಕ್ಕಟ್ಟಾಗಿ ಅಷ್ಟು ದೂರ ಸಿಗದಿದ್ದರೆ, ನಡೆಯುವವರಿಗಿಂತ ಸ್ವಲ್ಪವೇ ಜಾಸ್ತಿ ವೇಗದಲ್ಲಿ ಹೋಗಿ. ಈಗಷ್ಟೇ ನಿಂತ ಕ್ಯಾಬ್, ಹಿಂದಿನ ಕೆಂಪು ದೀಪ ಆರಿದ ಕಾರು, ಒಳಗೆ ಯಾರದೋ ತಲೆ — ಇವು ಕಂಡರೆ ಬಾಗಿಲು ತೆರೆದುಕೊಳ್ಳುತ್ತದೆ ಅಂತಲೇ ತಿಳಿಯಿರಿ. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತು ಅಂತ ಒಳಗೆ ನುಗ್ಗಿ ಮತ್ತೆ ಹೊರಗೆ ಬರಬೇಡಿ. ಒಂದೇ ಗೆರೆ ಹಿಡಿದು ನೇರ ಹೋಗಿ.

ಕಾರು ಓಡಿಸುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಡ್ರೈವರ್ ಸೀಟಿನಿಂದ ಇಳಿಯುವಾಗ ಬಾಗಿಲನ್ನು ಎಡಗೈಯಲ್ಲಿ ತೆರೆಯಿರಿ. ಆಗ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಹಿಂದೆ ಬರುತ್ತಿರುವ ಸೈಕಲ್ ಕಾಣುತ್ತದೆ. ನೆದರ್ಲೆಂಡ್ಸ್‌ನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಅಭ್ಯಾಸ ಇದು. ಅಲ್ಲಿ ಸ್ಟಿಯರಿಂಗ್ ಎಡಗಡೆ ಇರುವುದರಿಂದ ಅವರು ಬಲಗೈ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ವೈಟ್ ಟಾಪಿಂಗ್ ಆದ ರಸ್ತೆಗಳಲ್ಲಿ ಇನ್ನೊಂದು ತೊಂದರೆ ಇದೆ. ಕಾಂಕ್ರೀಟ್ ಹಾಸು ಮುಗಿಯುವಲ್ಲಿ ಒಮ್ಮೊಮ್ಮೆ ಎರಡು ಮೂರು ಇಂಚಿನ ಮೆಟ್ಟಿಲು ಉಳಿದಿರುತ್ತದೆ. ಅದರಿಂದ ಕೆಳಗಿಳಿದರೆ ಮತ್ತೆ ಓರೆಯಾಗಿ ಹತ್ತಲು ಹೋಗಬೇಡಿ. ಚಕ್ರ ಅಂಚನ್ನು ಉಜ್ಜಿಕೊಂಡು ಜಾರಿ, ನೀವು ಬಲಕ್ಕೆ, ಅಂದರೆ ಟ್ರಾಫಿಕ್ ಕಡೆಗೇ ಬೀಳುತ್ತೀರಿ. ನಿಂತು, ಸೈಕಲ್ ಎತ್ತಿ ಮೇಲಿಟ್ಟುಕೊಂಡರೆ ಹತ್ತು ಸೆಕೆಂಡಿನ ಕೆಲಸ.

ಇಕ್ಕಟ್ಟಿನ ರಸ್ತೆ, ಅಂಡರ್‌ಪಾಸ್, ಮೆಟ್ರೋ ಕಾಮಗಾರಿಯ ಬ್ಯಾರಿಕೇಡ್ ಪಕ್ಕ ಇನ್ನೂ ಒಳಗೆ ಬನ್ನಿ. ಕಾರು ಮತ್ತು ಸೈಕಲ್ ಜೊತೆಜೊತೆಗೆ ಹೋಗಲು ಜಾಗವಿಲ್ಲದ ಕಡೆ ಪಥದ ನಡುವೆಯೇ ಇರಬೇಕು. ಇಲ್ಲದಿದ್ದರೆ ಜಾಗ ಇದೆ ಅಂದುಕೊಂಡು ಯಾರೋ ನುಗ್ಗುತ್ತಾರೆ. ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಹಾರ್ನ್ ಹೊಡೆದವರು ನಿಮ್ಮನ್ನು ನೋಡಿದ್ದಾರೆ ಎಂದೇ ಅರ್ಥ. ಲಾರಿ ಹಿಂದೆಯೇ ‘ಸೌಂಡ್ ಹಾರ್ನ್’ ಅಂತ ಬರೆದುಕೊಳ್ಳುವ ಊರು ನಮ್ಮದು. ಮುಕ್ಕಾಲು ಪಾಲು ಹಾರ್ನ್ ‘ಬರ್ತಾ ಇದೀನಿ’ ಅಂತ ಹೇಳಲಿಕ್ಕೇ. ಅದಕ್ಕೆ ಬೆಚ್ಚಿ ಎಡಕ್ಕೆ ಹಾರಬೇಡಿ. ಇಕ್ಕಟ್ಟು ದಾಟಿದ ಮೇಲೆ ನಿಧಾನವಾಗಿ ಎಡಕ್ಕೆ ಬಂದು, ಕೈ ಬೀಸಿ ದಾರಿ ಬಿಡಿ.

ವಾಹನಗಳು 60ರಲ್ಲಿ ಹಾರುವ ಕಡೆ ಮಾತ್ರ ಈ ಧೈರ್ಯ ಬೇಡ. ರಿಂಗ್ ರೋಡಿನಲ್ಲಿ ಸರ್ವಿಸ್ ರೋಡ್ ಹಿಡಿಯಿರಿ, ಗುಂಡಿ ಇದ್ದರೂ ಸರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆಗೆ ಮೋಟಾರಿಲ್ಲದ ವಾಹನಕ್ಕೂ ಪ್ರವೇಶವಿಲ್ಲ. ಊರಿನೊಳಗೆ ಮ್ಯಾಪ್ ತೋರಿಸುವ ಮುಖ್ಯರಸ್ತೆ ಬಿಟ್ಟು ಕ್ರಾಸ್ ರಸ್ತೆಗಳಲ್ಲಿ ಹೋಗಿ. ಜಯನಗರ, ಮಲ್ಲೇಶ್ವರ, ರಾಜಾಜಿನಗರದಲ್ಲಿ ಮೇನ್, ಕ್ರಾಸ್ ಅಂತ ಚೌಕಾಕಾರದ ಬೀದಿಗಳಿವೆ. ಒಂದು ಕಿಲೋಮೀಟರ್ ಸುತ್ತಾದರೂ ನೆಮ್ಮದಿಯಾಗಿ ಹೋಗಬಹುದು.

ಬಸ್ಸಿನ ಎಡಗಡೆ ಹೋಗಬೇಡಿ

ಇದೊಂದನ್ನು ಬೇಕಾದರೆ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳಿ. ಸಿಗ್ನಲ್‌ನಲ್ಲಿ ಬಸ್ಸೋ ಲಾರಿಯೋ ನಿಂತಿದೆ, ಅದರ ಎಡಗಡೆ ಸೈಕಲ್ ತೂರುವಷ್ಟು ಜಾಗ ಇದೆ. ತೂರಬೇಡಿ. ಡ್ರೈವರ್ ಕೂತಿರುವುದು ಬಲಗಡೆ, ಎತ್ತರದಲ್ಲಿ. ಎಡಗಡೆ ಕೆಳಗಿರುವ ಸೈಕಲ್ ಅವರ ಕನ್ನಡಿಯಲ್ಲಿ ಕಾಣದಿರುವ ಸಾಧ್ಯತೆಯೇ ಜಾಸ್ತಿ. ಸಾಮಾನ್ಯ ಸಿಟಿ ಬಸ್ಸಿನ ಉದ್ದ 12 ಮೀಟರ್. ಅದು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಮೂಲೆಯನ್ನು ಕತ್ತರಿಸಿಕೊಂಡು ಒಳಗೆ ಬರುತ್ತದೆ. ಮುಂಭಾಗ ನಿಮ್ಮನ್ನು ದಾಟಿತು ಅಂದುಕೊಳ್ಳುವಷ್ಟರಲ್ಲಿ ನೀವು ಬಸ್ಸಿಗೂ ಫುಟ್‌ಪಾತಿಗೂ ನಡುವೆ ಸಿಕ್ಕಿಹಾಕಿಕೊಂಡಿರುತ್ತೀರಿ. ಟಿಪ್ಪರ್, ನೀರಿನ ಟ್ಯಾಂಕರ್, ಕಾಂಕ್ರೀಟ್ ಮಿಕ್ಸರ್ ಎಲ್ಲದರದೂ ಇದೇ ಕಥೆ.

ಹಿಂದೆಯೇ ನಿಲ್ಲಿ. ತೀರಾ ಬಾಲಕ್ಕೆ ಅಂಟಿಕೊಂಡಲ್ಲ, ಅದರ ಬಲಗಡೆ ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣುವಷ್ಟು ದೂರದಲ್ಲಿ. ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ.

ಬಸ್ ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಗಡೆ ಹೋಗುವುದು ಜನರ ಮೇಲೇ ಹೋದ ಹಾಗೆ. ಬಲದಿಂದ ದಾಟಬೇಕೆಂದರೆ ಹಿಂದೆ ನೋಡಿ, ಕೈ ತೋರಿಸಿ, ಪೂರ್ತಿ ಹೊರಗೆ ಬಂದು ದಾಟಿ. ಅದು ಹೊರಡುವ ಹಾಗಿದ್ದರೆ ಬಿಟ್ಟುಬಿಡಿ. ಮುಂದಿನ ಸ್ಟಾಪಿನಲ್ಲಿ ಹೇಗೂ ಸಿಗುತ್ತದೆ. ಆಟೋದ ಹಿಂದೆ ಹೋಗುವಾಗ ಸ್ವಲ್ಪ ಜಾಸ್ತಿ ಅಂತರ ಇರಲಿ. ಯಾರಾದರೂ ಕೈ ತೋರಿಸಿದರೆ ಅದು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಇಂಡಿಕೇಟರ್ ನಿರೀಕ್ಷಿಸಬೇಡಿ, ಫುಟ್‌ಪಾತಿನಲ್ಲಿ ಕೈ ಎತ್ತಿದವರನ್ನು ನೋಡಿ.

ರಾಂಗ್ ಸೈಡಲ್ಲಿ ಬರುವ ಸ್ಕೂಟರ್ ಸಾಮಾನ್ಯವಾಗಿ ಅಂಚಿನಲ್ಲೇ ಬರುತ್ತದೆ. ಅದನ್ನು ಬಲದಿಂದ ದಾಟಬೇಕು, ಆದರೆ ಹಿಂದೆ ನೋಡದೆ ಬಲಕ್ಕೆ ಬರಬೇಡಿ. ಹಿಂದೆ ವಾಹನ ಇದ್ದರೆ ನಿಂತುಬಿಡಿ. ನ್ಯಾಯ ನಿಮ್ಮ ಕಡೆಯೇ ಇದೆ, ಆದರೂ ನಿಲ್ಲಿ.

ಬಲಕ್ಕೆ ತಿರುಗುವುದು

ಸಣ್ಣ ರಸ್ತೆಯಲ್ಲಿ ಕಷ್ಟವಿಲ್ಲ. ತಿರುವಿಗೆ ಐವತ್ತು ಮೀಟರ್ ಮುಂಚೆಯೇ ಹಿಂದೆ ನೋಡಿ. ಬಲಗೈ ಚಾಚಿ. ಮತ್ತೊಮ್ಮೆ ನೋಡಿ. ದಾರಿ ಬಿಟ್ಟಿದ್ದಾರೆ ಅನ್ನಿಸಿದರೆ ಸ್ವಲ್ಪ ಸ್ವಲ್ಪವಾಗಿ ಬಲಕ್ಕೆ ಬನ್ನಿ. ಕೈ ತೋರಿಸಿದ ಮಾತ್ರಕ್ಕೆ ದಾರಿ ಸಿಕ್ಕಿತು ಅಂದುಕೊಳ್ಳಬೇಡಿ. ಗಂಟೆಗೆ 40 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ. ನಿಮ್ಮನ್ನು ನೋಡಿ ಬ್ರೇಕ್ ಮೇಲೆ ಕಾಲಿಡುವುದರಲ್ಲೇ ಒಂದೂವರೆ ಸೆಕೆಂಡ್ ಹೋದರೆ, 16 ಮೀಟರ್ ಮುಗಿದೇ ಹೋಯಿತು.

ದೊಡ್ಡ ಸರ್ಕಲ್‌ನಲ್ಲಿ ಈ ಸಾಹಸವೇ ಬೇಡ. ಎರಡು ಕಂತಿನಲ್ಲಿ ತಿರುಗಿ. ನಿಮ್ಮ ಕಡೆ ಹಸಿರು ಬಿದ್ದಾಗ ಎಡಗಡೆಯಲ್ಲೇ ನೇರವಾಗಿ ಸರ್ಕಲ್ ದಾಟಿ. ಆಚೆ ಮೂಲೆಯಲ್ಲಿ ಪಕ್ಕಕ್ಕೆ ನಿಂತು, ಸೈಕಲ್ಲನ್ನು ನೀವು ಹೋಗಬೇಕಾದ ಕಡೆಗೆ ತಿರುಗಿಸಿಕೊಳ್ಳಿ. ಈಗ ನೀವು ಅಡ್ಡರಸ್ತೆಯ ವಾಹನಗಳ ಮುಂದೆ ನಿಂತ ಹಾಗಾಯಿತು. ಅವರಿಗೆ ಹಸಿರು ಬಿದ್ದಾಗ ಅವರ ಜೊತೆಗೇ ನೇರ ಹೊರಡಿ. ಬಲಕ್ಕೆ ತಿರುಗುವ ಗೋಜೇ ಇಲ್ಲ. ಆಚೆ ಮೂಲೆಯಲ್ಲಿ ಫ್ರೀ ಲೆಫ್ಟ್ ಇದ್ದರೆ ಅಲ್ಲಿ ನಿಲ್ಲಲು ಬಿಡುವುದಿಲ್ಲ. ಆಗ ಇಳಿದು, ಜೀಬ್ರಾ ಮೇಲೆ ತಳ್ಳಿಕೊಂಡು ಹೋಗಿ. ಸಿಲ್ಕ್ ಬೋರ್ಡ್‌ನಂಥ ಕಡೆ ತಳ್ಳಿಕೊಂಡು ಹೋಗುವುದೇ ಸರಿ, ಯಾರಿಗೂ ಏನೂ ಸಾಬೀತು ಮಾಡಬೇಕಿಲ್ಲ.

ಫ್ಲೈಓವರ್ ಹತ್ತುವ ಕಡೆಗಿಂತ ಇಳಿಯುವ ಕಡೆ ಅಪಾಯ ಜಾಸ್ತಿ. ಕೆಳಗಿನ ರಸ್ತೆಯಲ್ಲಿ ಹೋಗುತ್ತಿರುವ ನಿಮ್ಮ ಬಲಗಡೆಯಿಂದ ವೇಗವಾಗಿ ಇಳಿದವರು, ಮುಂದಿನ ಎಡ ತಿರುವಿಗಾಗಿ ಅಡ್ಡ ಬರುತ್ತಾರೆ. ರ‍್ಯಾಂಪ್ ಮುಗಿಯುವ ಮೊದಲೇ ಬಲಕ್ಕೆ ತಿರುಗಿ ನೋಡಿ, ವೇಗ ತಗ್ಗಿಸಿ. ಹೆಬ್ಬಾಳದ ಹಾಗೆ ಹಲವು ಕಡೆಯ ವಾಹನ ಬಂದು ಸೇರುವ ಜಾಗಗಳನ್ನು ಹೊಸಬರು ಮೊದಮೊದಲು ಬಿಟ್ಟುಬಿಡುವುದೇ ವಾಸಿ.

ಮಳೆ ಮತ್ತು ಮುಂಜಾವು

ಬೇಸಿಗೆ ಮಳೆಯ ಮೊದಲ ಹತ್ತು ಹದಿನೈದು ನಿಮಿಷ ರಸ್ತೆ ತುಂಬ ಜಾರುತ್ತದೆ. ಒಣ ರಸ್ತೆಯ ಮೇಲಿನ ಎಣ್ಣೆ, ದೂಳು ಕಲಸಿಕೊಂಡಿರುತ್ತದೆ. ಅದೇ ಹೊತ್ತಿಗೆ ಹೊಂಗೆ, ಗುಲ್‌ಮೊಹರ್ ಹೂ ಉದುರಿ ರಸ್ತೆಗೆ ಮೆತ್ತಿಕೊಂಡಿರುತ್ತವೆ. ಫೋಟೋಕ್ಕೆ ಚಂದ, ಚಕ್ರಕ್ಕಲ್ಲ. ಜೀಬ್ರಾ ಬಣ್ಣ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ತಿರುಗಲೂ ಬೇಡಿ, ಬ್ರೇಕೂ ಹಾಕಬೇಡಿ, ನೇರವಾಗಿ ದಾಟಿ. ಚಕ್ರದ ಲೋಹದ ಬಳೆಯನ್ನೇ ಹಿಡಿಯುವ ರಿಮ್ ಬ್ರೇಕ್ ಇದ್ದರೆ ಮೊದಲು ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ, ಆಮೇಲಷ್ಟೇ ಅದು ಹಿಡಿಯುತ್ತದೆ. ನಿಂತ ನೀರಿನ ಆಳ ಗೊತ್ತಾಗಬೇಕಾದರೆ ಮುಂದೆ ಹೋಗುವ ಆಟೋದ ಚಕ್ರ ಎಷ್ಟು ಮುಳುಗುತ್ತದೆ ನೋಡಿ.

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಹೊರಡುವವರಿಗೂ ಒಂದು ಮಾತು. ರಸ್ತೆ ಖಾಲಿ ಇದೆ ಅಂತ ಮೈಮರೆಯಬೇಡಿ. ಅದೇ ಖಾಲಿ ರಸ್ತೆಯಲ್ಲಿ ಏರ್‌ಪೋರ್ಟ್ ಕ್ಯಾಬುಗಳು ಅವಸರದಲ್ಲಿರುತ್ತವೆ, ರಾತ್ರಿಯಿಡೀ ಓಡಿಸಿದ ಡ್ರೈವರ್ ತೂಕಡಿಸುತ್ತಿರುತ್ತಾನೆ. ಹಗಲಾಗುವವರೆಗೂ ಲೈಟ್ ಉರಿಯಲಿ. ಮಾತಾಡಿಕೊಂಡು ಅಕ್ಕಪಕ್ಕ ಮೂವರು ಹೋಗುವುದು ಅಲ್ಲಿ ಬೇಡ.

ಬಿದ್ದರೆ?

ಕೂಡಲೇ ಎದ್ದು ‘ಏನೂ ಆಗಿಲ್ಲ’ ಅನ್ನಬೇಡಿ. ಮೊದಲು ರಸ್ತೆಯಿಂದ ಪಕ್ಕಕ್ಕೆ ಬನ್ನಿ. ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಅಲುಗಾಡದೆ ಜನರನ್ನು ಕರೆಯಿರಿ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112. ನೆರವಿಗೆ ಬಂದವರಿಗೆ ಕೇಸಿನ ಭಯ ಇದ್ದರೆ ಹೇಳಿ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಅವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ. ಗುದ್ದಿದ ವಾಹನದ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ತಲೆಗೆ ಪೆಟ್ಟಾಗಿ ಆಮೇಲೆ ವಾಂತಿ, ಮಂಪರು, ಜೋರು ತಲೆನೋವು ಬಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ, ಬೆಳಿಗ್ಗೆ ನೋಡೋಣ ಅನ್ನಬೇಡಿ.

ಪೆಟ್ಟು ತಿಂದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಅದನ್ನು ಎಸೆದು ಹೊಸದು ತನ್ನಿ. ಸೈಕಲ್ ಹತ್ತುವ ಮುನ್ನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಾಗಿದೆಯಾ, ಚಕ್ರ ಬ್ರೇಕಿಗೆ ಉಜ್ಜುತ್ತಿದೆಯಾ, ಹ್ಯಾಂಡಲ್ ಚಕ್ರಕ್ಕೆ ನೇರವಾಗಿದೆಯಾ ನೋಡಿ. ಒಂದು ಸಂಶಯ ಬಂದರೂ ಆಟೋ ಕರೆದು, ಸೈಕಲ್ಲನ್ನು ಅದರಲ್ಲಿ ಹಾಕಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ.