ಮಗುವಿನ ಬಿಪಿ ನೋಡಿಸುವಾಗ ಮೊದಲು ಕಫ್ ನೋಡಿ

ಮಗುವಿನ ಬಿಪಿ ಜಾಸ್ತಿ ಬಂತು ಎಂದು ಗಾಬರಿಯಾದವರನ್ನು ನಾನು ಕೇಳುವುದು ಒಂದೇ: ಯಾವ ಸೈಜಿನ ಕಫ್ (ತೋಳಿಗೆ ಸುತ್ತಿ ಗಾಳಿ ತುಂಬುವ ಬಟ್ಟೆ) ಕಟ್ಟಿದ್ದರು? ಹೆಚ್ಚಿನವರು ಗಮನಿಸಿರುವುದೇ ಇಲ್ಲ.

ಹಂತ 1: ಮಗು ಓಡಿಬಂದಿದ್ದರೆ, ಅತ್ತಿದ್ದರೆ, ಜ್ವರವೋ ನೋವೋ ಇದ್ದರೆ ಅಂಕಿ ಏರುತ್ತದೆ. ಮೊದಲು ಮೂತ್ರ ಮಾಡಿಸಿ. ಚುಚ್ಚುಮದ್ದು ಇದ್ದರೆ ಬಿಪಿ ನೋಡಿದ ಮೇಲೇ ಹಾಕಿಸಿ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಔಷಧಿ, ಸ್ಟೀರಾಯ್ಡ್, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮಾತ್ರೆ ಇವೂ ಬಿಪಿ ಏರಿಸಬಲ್ಲವು. ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಹಂತ 2: 3ರಿಂದ 5 ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಒರಗು ಇರಲಿ, ಕಾಲು ನೆಲಕ್ಕೆ ತಾಗಲಿ. ಪುಟ್ಟ ಕಾಲಾದರೆ ಕೆಳಗೆ ಸ್ಟೂಲ್ ಇಡಿ. ಮೊಬೈಲಿನಲ್ಲಿ ಗೇಮ್ ಕೊಟ್ಟು ಕೂರಿಸುವುದು ಸುಮ್ಮನಿರಿಸಿದಂತಲ್ಲ. ನನ್ನನ್ನು ಕೇಳಿದರೆ ಫೋನ್ ಬ್ಯಾಗಿನಲ್ಲೇ ಇರಲಿ.

ಹಂತ 3, ಎಲ್ಲ ಕೆಡುವುದು ಇಲ್ಲೇ: ಕಫ್ ಒಳಗೆ ಗಾಳಿ ತುಂಬುವ ರಬ್ಬರ್ ಚೀಲ ಇರುತ್ತದಲ್ವಾ, ಲೆಕ್ಕಕ್ಕೆ ಬರುವುದು ಅದು, ಹೊರಗಿನ ಬಟ್ಟೆಯಲ್ಲ. ಭುಜದ ಮೂಳೆಗೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ತೆಗೆಯಿರಿ. ಚೀಲದ ಅಗಲ ಅದರ ಶೇ 40ರಷ್ಟಾದರೂ ಇರಬೇಕು, ಉದ್ದ ಶೇ 80ರಿಂದ 100ರಷ್ಟು. ತೋಳು 20 ಸೆಂ.ಮೀ. ಇದ್ದರೆ ಚೀಲ 8 ಸೆಂ.ಮೀ. ಅಗಲ, 16ರಿಂದ 20 ಸೆಂ.ಮೀ. ಉದ್ದ. ಕಫ್ ಚಿಕ್ಕದಾದರೆ ಇಲ್ಲದ ಬಿಪಿ ಕಾಣುತ್ತದೆ, ತೀರಾ ದೊಡ್ಡದಾದರೆ ಇರುವ ಬಿಪಿ ಅಡಗುತ್ತದೆ. ಕಫ್ ಮೇಲೆ ‘ಮಗು’, ‘ದೊಡ್ಡವರು’ ಎಂದು ಬರೆದದ್ದನ್ನು ನಂಬಬೇಡಿ. ಮೈಕೈ ತುಂಬಿಕೊಂಡ ಹತ್ತು ವರ್ಷದ ಹುಡುಗನಿಗೆ ದೊಡ್ಡವರ ಕಫ್ಫೇ ಬೇಕಾಗಬಹುದು. ಸ್ವೆಟರ್ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಕಟ್ಟುವ ಸುಲಭದ ದಾರಿ ಬೇಡ, ಆ ಸುರುಳಿ ತೋಳನ್ನು ಬಿಗಿಯುತ್ತದೆ. ಪೂರ್ತಿ ಬಿಚ್ಚಿಸಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ಮಕ್ಕಳಿಗಂತೂ ಬೇಡವೇ ಬೇಡ.

ಹಂತ 4: ಬಲಗೈಗೇ ಕಟ್ಟಿಸಿ. ಮಕ್ಕಳ ಬಿಪಿ ಪಟ್ಟಿಗಳೆಲ್ಲ ಬಲಗೈಯ ಲೆಕ್ಕದವು. ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಹುಟ್ಟಿನಿಂದಲೇ ಕಿರಿದಾಗಿದ್ದರೆ ಎಡಗೈ ಕಡಿಮೆ ತೋರಿಸಿ ಮೋಸ ಮಾಡಬಹುದು. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಜೋತುಬಿದ್ದರೆ ಅಂಕಿ ಏರುತ್ತದೆ. ಅಳೆಯುವಾಗ ಯಾರೂ ಮಾತಾಡಬಾರದು. ‘ನೋವಾಗ್ತಿದೆಯಾ ಪುಟ್ಟಾ?’ ಎಂದು ಕೇಳುವ ಅಮ್ಮನೂ ಸೇರಿ.

ಹಂತ 5: ಅಂಕಿ ಜಾಸ್ತಿ ಬಂದರೆ ಅಲ್ಲೇ ಇನ್ನೆರಡು ಸಲ ನೋಡಲು ಹೇಳಿ. ಮೆಷಿನ್ನಿನಲ್ಲಿ ಬಂದದ್ದನ್ನು ಸ್ಟೆತಸ್ಕೋಪ್ ಇಟ್ಟು ಖಚಿತಪಡಿಸಿಕೊಳ್ಳಬೇಕು. 13 ವರ್ಷದ ಒಳಗೆ ಎಲ್ಲರಿಗೂ ಒಂದೇ ಗಡಿಯಿಲ್ಲ, ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಪಟ್ಟಿಗೆ ಹೋಲಿಸುತ್ತಾರೆ. ಹಾಗಾಗಿ ಅದೇ ದಿನ ಎತ್ತರವನ್ನೂ ಅಳೆಸಿ. ಲಕ್ಷಣವಿಲ್ಲದ ಮಗುವಿಗೆ ಮೂರು ಬೇರೆ ಬೇರೆ ಭೇಟಿಗಳಲ್ಲಿ ಜಾಸ್ತಿ ಬಂದರೆ ಮಾತ್ರ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಆದರೆ ಜೋರು ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಇದ್ದರೆ ಮುಂದಿನ ಭೇಟಿಗೆ ಕಾಯಬೇಡಿ. ಬಿಳಿ ಕೋಟು ಕಂಡರೆ ಮಾತ್ರ ಏರುವ ಮಕ್ಕಳಿಗೆ 24 ಗಂಟೆ ಕಟ್ಟಿಕೊಂಡಿರುವ ಮೆಷಿನ್ ಇದೆ, ಡಾಕ್ಟರನ್ನು ಕೇಳಿ. ಚೀಟಿಯಲ್ಲಿ ಬಿಪಿಯ ಜೊತೆ ಯಾವ ಕೈ, ಯಾವ ಕಫ್ ಎಂದೂ ಬರೆಸಿಕೊಳ್ಳಿ.