ಪವರ್ ಮೆಷಿನ್‌ನ ಕ್ಲಚ್ ಮೋಟರ್ ಇಳಿಸಿ ಸರ್ವೋ ಮೋಟರ್ ಕೂರಿಸುವ ಬಗೆ

ಪೀಣ್ಯ, ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳು ಪವರ್ ಮೆಷಿನ್ ಎಂದು ಕರೆಯುವ ತಮ್ಮ ಹಳೆಯ ಮೋಟರ್ ಹೊಲಿಗೆ ಯಂತ್ರಗಳನ್ನು ಮಾರಿದಾಗ ಅವುಗಳಲ್ಲಿ ಹಲವು ಕೊನೆಗೆ ಬಂದು ನಿಲ್ಲುವುದು ಬೆಂಗಳೂರಿನ ಮನೆಗಳ ಮುಂಗೋಣೆಯಲ್ಲಿ, ಬ್ಲೌಸ್ ಹೊಲಿಯುವ ಸಣ್ಣ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯ ಸೀಟ್ ಕವರ್ ಮಳಿಗೆಗಳಲ್ಲಿ. ಯಂತ್ರದ ತಲೆ ಇನ್ನೂ ಹತ್ತಾರು ವರ್ಷ ಬಾಳುವಷ್ಟು ಗಟ್ಟಿಯಾಗಿಯೇ ಇರುತ್ತದೆ. ಹಲಗೆಯ ಕೆಳಗೆ ನೇತಾಡುವ ಮೋಟರ್ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ನೇರ ಹೊಲಿಗೆ ಹಾಕುವ ಕಾರ್ಖಾನೆಯ ಕೆಲಸಕ್ಕೆಂದು ಆರಿಸಿದ್ದು. ಕುತ್ತಿಗೆಯ ತಿರುವಿನಲ್ಲಿ ಒಂದೊಂದೇ ಹೊಲಿಗೆ ಇಟ್ಟು ಮುಂದೆ ಸಾಗಬೇಕಾದವರಿಗೆ ಅದು ಹೊಂದುವುದಿಲ್ಲ. ಅದರ ಮೇಲೆ, ಕಾರ್ಖಾನೆಯಿಂದ ಬಂದ ಮೋಟರ್ 415 ವೋಲ್ಟಿನ ಮೂರು ಫೇಸಿನದಾಗಿದ್ದರೆ ಮನೆಯ 230 ವೋಲ್ಟಿನ ಒಂದು ಫೇಸಿನಲ್ಲಿ ಅದನ್ನು ನೇರವಾಗಿ ಓಡಿಸಲು ಬರುವುದೇ ಇಲ್ಲ. ಆದ್ದರಿಂದ ಯಂತ್ರ ಕೊಳ್ಳುವ ಮುನ್ನ ಮೋಟರಿನ ಮೇಲಿನ ತಗಡಿನ ಪಟ್ಟಿಯನ್ನು ಓದಿಕೊಳ್ಳುವುದು ಒಳ್ಳೆಯದು.

ಕ್ಲಚ್ ಮೋಟರ್ ಸ್ವಿಚ್ ಹಾಕಿದ ಕ್ಷಣದಿಂದ ಪೂರ್ಣ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಕಾರ್ಕ್ ಹಚ್ಚಿದ ಬಿಲ್ಲೆಯೊಂದು ತಿರುಗುವ ಚಕ್ರಕ್ಕೆ ತಾಗಿ ಆ ವೇಗವನ್ನು ಬೆಲ್ಟಿಗೆ ದಾಟಿಸುತ್ತದೆ. ನಿಧಾನವಾಗಿ ಹೊಲಿಯಬೇಕೆಂದರೆ ಆ ಬಿಲ್ಲೆಯನ್ನು ಅರ್ಧ ತಾಗಿಸಿ ಜಾರಿಸುತ್ತಿರಬೇಕು. ಇದು ಕಾಲಿನ ಅಭ್ಯಾಸದಿಂದ ಬರುವ ವಿದ್ಯೆ, ಮತ್ತು ಕಾರ್ಕ್ ಸವೆದಷ್ಟೂ ಕಷ್ಟವಾಗುವ ವಿದ್ಯೆ. ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ಒತ್ತಿದಷ್ಟೇ ತಿರುಗುತ್ತದೆ, ಉಳಿದ ಹೊತ್ತು ಸುಮ್ಮನಿರುತ್ತದೆ. ವಿದ್ಯುತ್ ಉಳಿತಾಯದ ಮಾತನ್ನು ಅಂಗಡಿಯವರು ಮೊದಲು ಹೇಳುತ್ತಾರಾದರೂ, ಚಿಕ್ಕ ಕೋಣೆಯಲ್ಲಿ ದಿನವಿಡೀ ಕೂರುವವರಿಗೆ ಮೊದಲು ತಿಳಿಯುವ ಲಾಭವೆಂದರೆ ಆ ಗುಂಯ್ ಸದ್ದು ನಿಂತುಹೋಗುವುದು ಮತ್ತು ಮೊಣಕಾಲಿನ ಬಳಿ ಬಿಸಿ ಬಡಿಯದಿರುವುದು.

ಮೋಟರನ್ನು ಆರಿಸುವಾಗ ವ್ಯಾಟ್ ಸಂಖ್ಯೆಗಿಂತ ಪುಲಿಯ, ಅಂದರೆ ಬೆಲ್ಟನ್ನು ಓಡಿಸುವ ಗಾಲಿಯ, ಅಳತೆಗೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಬ್ಲೌಸ್, ಚೂಡಿದಾರ್, ಅಂಗಿಗಳಿಗೆ 550 ವ್ಯಾಟ್ ಧಾರಾಳವಾಗಿ ಸಾಕು. ಕ್ಯಾನ್ವಾಸ್, ರೆಕ್ಸಿನ್, ಜೀನ್ಸಿನ ದಪ್ಪ ಮಡಿಕೆಗಳಿಗೆ 750 ವ್ಯಾಟ್ ಮೇಲು. ಆದರೆ 750 ವ್ಯಾಟಿನ ಮೋಟರಿಗೂ ದೊಡ್ಡ ಪುಲಿ ಹಾಕಿದರೆ ಅದು ನಿಧಾನದಲ್ಲಿ ದಪ್ಪ ಬಟ್ಟೆಯ ಮುಂದೆ ಮುಗ್ಗರಿಸುತ್ತದೆ. ಲೆಕ್ಕ ಸರಳ: ಮೋಟರ್ ನಿಮಿಷಕ್ಕೆ ಸುತ್ತುವ ಸುತ್ತುಗಳನ್ನು ಮೋಟರ್ ಪುಲಿಯ ವ್ಯಾಸದಿಂದ ಗುಣಿಸಿ, ಯಂತ್ರದ ತಲೆಯ ಬಲಬದಿಯ ಕೈಚಕ್ರದಲ್ಲಿ ಬೆಲ್ಟ್ ಕೂರುವ ತೋಡಿನ ವ್ಯಾಸದಿಂದ ಭಾಗಿಸಿದರೆ ನಿಮಿಷಕ್ಕೆ ಬೀಳುವ ಹೊಲಿಗೆಗಳ ಸಂಖ್ಯೆ ಸಿಗುತ್ತದೆ, ಏಕೆಂದರೆ ಮೇಲಿನ ದಾರವನ್ನೂ ಕೆಳಗಿನ ದಾರವನ್ನೂ ಹೆಣೆದು ನೇರ ಹೊಲಿಗೆ ಹಾಕುವ ಸಾಮಾನ್ಯ ಲಾಕ್‌ಸ್ಟಿಚ್ ಯಂತ್ರದಲ್ಲಿ ಕೈಚಕ್ರದ ಒಂದು ಸುತ್ತಿಗೆ ಒಂದು ಹೊಲಿಗೆ. ಹಳೆಯ ಕ್ಲಚ್ ಮೋಟರ್ 2850 ಸುತ್ತಿನದು, ಅದರ ಪುಲಿ 110 ಮಿ.ಮೀ., ಕೈಚಕ್ರದ ತೋಡು 75 ಮಿ.ಮೀ. ಎಂದಿಟ್ಟುಕೊಂಡರೆ ನಿಮಿಷಕ್ಕೆ 4180 ಹೊಲಿಗೆ, ಅಂದರೆ ಸೆಕೆಂಡಿಗೆ ಸುಮಾರು 70. ಈಗ ಸರ್ವೋ ಮೋಟರನ್ನು 200 ಸುತ್ತಿಗೆ ಇಳಿಸಿದೆವೆನ್ನೋಣ. ಅದೇ 110 ಮಿ.ಮೀ. ಪುಲಿ ಉಳಿಸಿಕೊಂಡರೆ ಸೆಕೆಂಡಿಗೆ ಐದು ಹೊಲಿಗೆ ಬೀಳುತ್ತವೆ; 50 ಮಿ.ಮೀ. ಪುಲಿ ಹಾಕಿದರೆ ಎರಡೇ ಬೀಳುತ್ತವೆ, ಜೊತೆಗೆ ಸೂಜಿಯನ್ನು ಒಳತಳ್ಳುವ ಬಲ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದೇ ಸಣ್ಣ ಪುಲಿಯೊಂದಿಗೆ ಮೋಟರನ್ನು 3000 ಸುತ್ತಿಗೆ ಏರಿಸಿದರೂ ಸಿಗುವುದು 2000 ಹೊಲಿಗೆ, ಮತ್ತು ಮನೆಯ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಕಾಗುವ ಸಂದರ್ಭ ನನಗಂತೂ ಬಂದಿಲ್ಲ. ಹೊಸ ಮೋಟರ್ ಕೂರಿಸಿ, ಹಳೆಯ ದೊಡ್ಡ ಪುಲಿಯನ್ನೇ ಅದಕ್ಕೆ ಸಿಕ್ಕಿಸಿ, "ಸರ್ವೋದಲ್ಲಿ ಎಳೆತವೇ ಇಲ್ಲ" ಎಂದು ದೂರುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಪುಲಿ ತೀರ ಚಿಕ್ಕದಾದರೂ ಬೆಲ್ಟು ಅಷ್ಟು ಸಣ್ಣ ತಿರುವಿಗೆ ಬಗ್ಗದೆ ಜಾರುವುದರಿಂದ 45 ಮಿ.ಮೀ.ಗಿಂತ ಕೆಳಗೆ ಇಳಿಯದಿರುವುದು ಕ್ಷೇಮ. ಪುಲಿ ತರಲು ಎಸ್.ಪಿ. ರಸ್ತೆಗೆ ಹೋಗುವಾಗ ಮೋಟರ್ ದಂಡದ ವ್ಯಾಸವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಂಡು ಹೋಗಬೇಕು. ಅಂದಾಜಿನ ಮೇಲೆ ತಂದ ಪುಲಿಗಾಗಿ ಮತ್ತೊಮ್ಮೆ ಆ ದಟ್ಟಣೆಯಲ್ಲಿ ನುಗ್ಗುವ ಕಷ್ಟವನ್ನು ನಾನು ಪಟ್ಟಿದ್ದೇನೆ.

ಬಿಚ್ಚುವ ಕೆಲಸ ಆರಂಭಿಸುವ ಮುನ್ನ ಪ್ಲಗ್ ಕಿತ್ತು, ತಿರುಗುತ್ತಿರುವ ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಮೂರು ಫೇಸಿನ ಸಂಪರ್ಕವಿದ್ದರೆ ಅದನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲೇ ಬಿಡಿಸುವುದು ಸರಿ. ಬೆಲ್ಟಿನ ಕವಚ, ಬೆಲ್ಟು, ಪೆಡಲಿನಿಂದ ಬರುವ ಸರಳು, ಇವಿಷ್ಟನ್ನು ಕಳಚಿದ ಮೇಲೆ ಉಳಿಯುವುದು ಹಲಗೆಗೆ ಮೋಟರನ್ನು ಹಿಡಿದಿರುವ ಮೂರು ಬೋಲ್ಟುಗಳು. ಕ್ಲಚ್ ಮೋಟರ್ ಸುಮಾರು ಹದಿನೈದು ಕಿಲೋ ತೂಗಬಲ್ಲದು ಎಂಬುದನ್ನು ಮರೆತು, ಮಲಗಿಕೊಂಡು ಒಂದು ಕೈಯಲ್ಲಿ ಪಾನಾ ಹಿಡಿದು ಕೊನೆಯ ನಟ್ಟು ಬಿಚ್ಚಿದ ನನಗೆ ಅದು ಎದೆಯ ಪಕ್ಕದಲ್ಲೇ ಬಿದ್ದು ನೆಲದ ಟೈಲ್ಸ್ ಒಡೆದ ಸದ್ದು ಇಂದಿಗೂ ನೆನಪಿದೆ. ಮೋಟರಿನ ಅಡಿಗೆ ಸ್ಟೂಲು ಅಥವಾ ಇಟ್ಟಿಗೆಗಳ ಗುಡ್ಡೆಯನ್ನು ಮುಟ್ಟುವ ಹಾಗೆ ಇಟ್ಟು, ಇನ್ನೊಬ್ಬರನ್ನು ಹಿಡಿದುಕೊಳ್ಳಲು ಕರೆದು, ಆಮೇಲೆ ನಟ್ಟುಗಳಿಗೆ ಕೈ ಹಾಕಬೇಕು.

ಹೊಸ ಮೋಟರ್ ಹಗುರ, ಮತ್ತು ಅದರ ಚೌಕಟ್ಟಿನ ತೂತುಗಳು ಸಾಮಾನ್ಯವಾಗಿ ಹಳೆಯ ಮೂರು ತೂತುಗಳಿಗೇ ಕೂರುತ್ತವೆ. ಹಳೆಯ ಹಲಗೆ ಪುಡಿಯಾಗುತ್ತಿದ್ದರೆ ಅಗಲವಾದ ವಾಷರ್ ಹಾಕಿ, ಅದುರಾಟಕ್ಕೆ ಸಡಿಲವಾಗದಂತೆ ಲಾಕ್ ನಟ್ಟು ಬಳಸಬೇಕು. ಮೂರನ್ನೂ ಒಮ್ಮೆಲೇ ಬಿಗಿ ಮಾಡದೆ, ಮೋಟರಿನ ಪುಲಿಯೂ ಮೇಲಿನ ಕೈಚಕ್ರದ ತೋಡೂ ಒಂದೇ ಗೆರೆಯಲ್ಲಿ ನಿಂತಿವೆಯೇ ಎಂದು ತೂಗುದಾರ ಇಳಿಬಿಟ್ಟು ನೋಡಿ, ಬೆಲ್ಟು ಹಲಗೆಯ ಸೀಳಿನ ಅಂಚಿಗೆ ಉಜ್ಜದಂತೆ ಸರಿಸಿಕೊಂಡು, ನಂತರ ಬಿಗಿಯಬೇಕು. ಪುಲಿ ಬದಲಾದ್ದರಿಂದ ಹಳೆಯ ಬೆಲ್ಟಿನ ಉದ್ದ ಸರಿಹೋಗದೆ ಇರಬಹುದು. ದಾರವೊಂದನ್ನು ಎರಡೂ ಪುಲಿಗಳ ಸುತ್ತ ಹಾಯಿಸಿ ಇಂಚಿನಲ್ಲಿ ಅಳೆದುಕೊಂಡರೆ ಅಂಗಡಿಯಲ್ಲಿ ಕೇಳಲು ಸುಲಭ. ಬೆಲ್ಟು ಹಾಕಿದ ಮೇಲೆ ನಡುವಿನಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಒಳಸರಿಯುವಷ್ಟು ಬಿಗಿ ಸಾಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ.

ಪೆಡಲ್ ಸರಳು ಮೋಟರಿನ ಸನ್ನೆಕೋಲಿನಿಂದ ಪೆಡಲಿಗೆ ನೆಟ್ಟಗೆ ಇಳಿಯಬೇಕು. ಸರ್ವೋ ಮೋಟರಿನ ಸನ್ನೆಕೋಲು ಹಳೆಯದಿದ್ದ ಜಾಗದಲ್ಲಿ ಇರದ ಕಾರಣ ಪೆಡಲನ್ನೇ ಎಡಕ್ಕೋ ಬಲಕ್ಕೋ ಸರಿಸಬೇಕಾಗುತ್ತದೆ. ಸರಳು ಓರೆಯಾಗಿಯೇ ಇದ್ದರೆ ಪೆಡಲ್ ಅಲ್ಲಲ್ಲಿ ಕಚ್ಚಿಕೊಂಡು ವೇಗ ಕುಪ್ಪಳಿಸುತ್ತದೆ, ಆಗ ದೋಷವನ್ನು ಮೋಟರಿನ ಮೇಲೆ ಹೊರಿಸುವುದು ಅನ್ಯಾಯ.

ಬೆಲ್ಟು ಹಾಕುವುದಕ್ಕೆ ಮೊದಲೇ ಮೋಟರಿಗೆ ವಿದ್ಯುತ್ ಕೊಟ್ಟು, ವೇಗವನ್ನು ಕನಿಷ್ಠಕ್ಕೆ ಇಳಿಸಿ, ಅದು ತಿರುಗುವ ದಿಕ್ಕನ್ನು ನೋಡಿಕೊಳ್ಳಬೇಕು. ಲಾಕ್‌ಸ್ಟಿಚ್ ಯಂತ್ರದ ಕೈಚಕ್ರದ ಮೇಲ್ಭಾಗ ಹೊಲಿಯುವವರ ಕಡೆಗೆ ಬರಬೇಕು. ಉಲ್ಟಾ ತಿರುಗಿದರೆ ಕೆಳಗೆ ದಾರ ಗಂಟುಕಟ್ಟಿ, ದಾರವನ್ನು ಹಿಡಿದು ಹೆಣೆಯುವ ಹುಕ್ಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಯಂತ್ರಗಳಲ್ಲಿ ದಿಕ್ಕು ಬೇರೆಯಿರಬಹುದಾದ್ದರಿಂದ ಅವುಗಳ ಮೈಮೇಲಿನ ಬಾಣದ ಗುರುತೇ ಪ್ರಮಾಣ. ಅಂಕಿ ತೋರಿಸುವ ಪರದೆಯಿರುವ ಮೋಟರುಗಳಲ್ಲಿ ದಿಕ್ಕು, ಗರಿಷ್ಠ ವೇಗ, ಆರಂಭದ ವೇಗಗಳನ್ನು ಗುಂಡಿ ಒತ್ತಿಯೇ ಬದಲಿಸಬಹುದು. ತಿರುಗಿಸುವ ನಾಬ್ ಮಾತ್ರ ಇರುವ ಅಗ್ಗದ ಮಾದರಿಗಿಂತ ಅವಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸಾರ್ಥಕ. ಪೆಡಲ್ ಬಿಟ್ಟಾಗ ಸೂಜಿ ಮೇಲೆಯೋ ಕೆಳಗೆಯೋ ನಿಲ್ಲಬೇಕೆಂದರೆ ಅದರ ಸೆನ್ಸರ್ ಕೈಚಕ್ರದ ಮೇಲೇ ಕೂರಬೇಕು, ಏಕೆಂದರೆ ಎರಡು ಪುಲಿಗಳ ಅಳತೆ ಬೇರೆಯಾದಾಗ ಮೋಟರಿನ ಸುತ್ತಿಗೂ ಸೂಜಿಯ ಏರಿಳಿತಕ್ಕೂ ತಾಳ ತಪ್ಪುತ್ತದೆ. ಬೆಲ್ಟಿನ ಕವಚವನ್ನು ಮರಳಿ ಹಾಕದೆ ಹೊಲಿಯಲು ಕೂರಬಾರದು. ಸೀರೆಯ ಸೆರಗು, ದುಪಟ್ಟಾ, ಜಡೆ ಯಾವುದನ್ನೂ ಆ ಬೆಲ್ಟು ಬಿಡುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಎರಡು ಮಾತು ಹೇಳಬೇಕು. 550 ವ್ಯಾಟಿನ ಮೋಟರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು ಎರಡೂವರೆ ಆಂಪಿಯರ್ ಆದ್ದರಿಂದ 6 ಆಂಪಿಯರಿನ ಸಾಕೆಟ್ ಸಾಕು, ಆದರೆ ಮೂರನೆಯ ಪಿನ್ನಿನ ಹಿಂದೆ ನಿಜವಾದ ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಹಳೆಯ ಬಾಡಿಗೆ ಮನೆಗಳಲ್ಲಿ ಆ ಪಿನ್ನು ಎಷ್ಟೋ ಸಲ ಬರಿಯ ಅಲಂಕಾರ. ಬೆಸ್ಕಾಂ ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಓಡಿಸುವ ಯೋಚನೆಯಿದ್ದರೆ ಮನೆಯ ಕರೆಂಟಿನ ಹಾಗೆಯೇ ನಯವಾದ ಅಲೆಯ ವಿದ್ಯುತ್ ಕೊಡುವ ಶುದ್ಧ ಸೈನ್ ವೇವ್ ಇನ್ವರ್ಟರ್ ಇದ್ದರೆ ಮೇಲು. ಏನಾದರೂ ದೋಷವಾಗಿ ನಿಯಂತ್ರಣ ಪೆಟ್ಟಿಗೆಯ ಮುಚ್ಚಳ ತೆರೆಯಬೇಕಾದರೆ ಪ್ಲಗ್ ಕಿತ್ತು ಕನಿಷ್ಠ ಹತ್ತು ನಿಮಿಷ ಕಾಯಬೇಕು, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಒಳಗಿನ ಕೆಪಾಸಿಟರುಗಳು ಅಲ್ಲಿಯವರೆಗೂ ಶಾಕ್ ಹೊಡೆಯಬಲ್ಲವು.

ನಿಧಾನಕ್ಕೆ ಒಗ್ಗಿದ ಯಂತ್ರಕ್ಕೆ ಒಂದು ಹೊಸ ತೊಂದರೆ ಹುಟ್ಟುತ್ತದೆ. ಎಣ್ಣೆಯ ತೊಟ್ಟಿ ಇರುವ ಯಂತ್ರಗಳಲ್ಲಿ ಪಂಪು ಎಣ್ಣೆಯನ್ನು ಮೇಲೆತ್ತುವುದು ಯಂತ್ರದ ವೇಗದಿಂದಲೇ. ಇಡೀ ದಿನ ಸೆಕೆಂಡಿಗೆ ಎರಡು ಮೂರು ಹೊಲಿಗೆಯಲ್ಲೇ ಸಾಗಿದರೆ ತಲೆಯ ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣುವುದಿಲ್ಲ. ದಿನಕ್ಕೊಮ್ಮೆ ದಾರ ತೆಗೆದು, ಒತ್ತುಪಾದ ಎತ್ತಿ, ಕಿಂಡಿಯಲ್ಲಿ ಎಣ್ಣೆ ಕಾಣುವಷ್ಟು ವೇಗದಲ್ಲಿ ಒಂದೆರಡು ನಿಮಿಷ ಬರಿದೆ ಓಡಿಸಬೇಕು. ಮೊದಲ ವಾರದ ಕೊನೆಗೆ ಪುಲಿಯ ತಿರುಪನ್ನೂ ಮೂರು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು, ಹಿಗ್ಗಿದ ಹೊಸ ಬೆಲ್ಟನ್ನು ಸರಿಪಡಿಸಿಕೊಳ್ಳಬೇಕು.

ಇಳಿಸಿದ ಕ್ಲಚ್ ಮೋಟರನ್ನು ಗುಜರಿಗೆ ಕೊಡುವುದಾದರೆ ಒಳಗಿನ ಸುರುಳಿ ತಾಮ್ರದ್ದೋ ಅಲ್ಯುಮಿನಿಯಮಿನದೋ ಎಂದು ಮೊದಲು ನೋಡಿಕೊಳ್ಳಿ, ತಾಮ್ರದ್ದಾದರೆ ಬರಿಯ ಕಬ್ಬಿಣದ ತೂಕಕ್ಕೆ ಅದನ್ನು ಬಿಟ್ಟುಕೊಡಬೇಡಿ.