ಹಣ್ಣು ಬಿಟ್ಟ ಗೋಣಿ ಮರ ಹುಡುಕಿ, ಅಲ್ಲೇ ಕೂತುಬಿಡಿ

ಬಿಸಿಲೆ, ಸಕಲೇಶಪುರ ಕಡೆ ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ನೋಡ್ಬೇಕು ಅಂತ ಬರೋರು ದಿನವಿಡೀ ಅಲೆಯೋದು ಬಿಡಿ. ಹಣ್ಣಾದ ಗೋಣಿ ಅಥವಾ ಬಸರಿ ಮರ ಒಂದು ಹುಡುಕಿ, ಬೆಳಿಗ್ಗೆ 6.30ಕ್ಕೆಲ್ಲ ಸ್ವಲ್ಪ ದೂರದಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತುಬಿಡಿ. ಈ ಜಾತಿಯ ಒಂದೊಂದು ಮರ ಒಂದೊಂದು ಕಾಲಕ್ಕೆ ಹಣ್ಣು ಬಿಡುತ್ತೆ, ಬಿಟ್ಟಾಗ ಮರದ ತುಂಬಾ ಒಟ್ಟಿಗೇ. ಹಾಗಾಗಿ ಮಂಗಟ್ಟೆ, ಕುಟ್ರ ಹಕ್ಕಿ, ಕೆಂದಳಿಲು ಎಲ್ಲಾ ಅಲ್ಲಿಗೇ ಬರ್ತವೆ. ಮೇಲೆ ನೋಡೋಕೆ ಮುಂಚೆ ನೆಲ ನೋಡಿ: ಅರ್ಧ ಕುಕ್ಕಿದ ಹಣ್ಣು, ತರಗೆಲೆ ಮೇಲೆ ಸಣ್ಣ ಬೀಜ ತುಂಬಿದ ಹಸಿ ಹಿಕ್ಕೆ ಇದ್ರೆ ಜಾಗ ಸರಿಯಾಗಿದೆ. ಕಾಯಿ ಇನ್ನೂ ಹಸಿರಾಗಿ ಗಟ್ಟಿ ಇದ್ರೆ ಕೂತು ಪ್ರಯೋಜನವಿಲ್ಲ; ದಟ್ಟ ಮಂಜು, ಜಡಿಮಳೆಯಲ್ಲೂ ಅಷ್ಟೇ. ಭದ್ರಾ ಅಭಯಾರಣ್ಯದ ಮುತ್ತೋಡಿ ಸಫಾರಿಯಲ್ಲಾದ್ರೆ ಜೀಪಿಂದ ಇಳಿಯೋ ಹಾಗಿಲ್ಲ, ಅಂಥ ಮರದ ಹತ್ತಿರ ಸ್ವಲ್ಪ ನಿಲ್ಲಿಸಿ ಅಂತ ಡ್ರೈವರ್‌ಗೆ ಕೇಳಿ ನೋಡಿ. ಕಾಫಿ ತೋಟದ ನೆರಳಿಗೂ ಈ ಮರಗಳನ್ನ ಉಳಿಸಿರ್ತಾರೆ, ಆದ್ರೆ ತೋಟದವರನ್ನ ಕೇಳದೆ ಒಳಗೆ ಹೋಗ್ಬೇಡಿ. ಬಿಸಿಲೆ, ಸಕಲೇಶಪುರ ಭಾಗದಲ್ಲಿ ಆನೆ ಓಡಾಟ ಜಾಸ್ತಿ. ಹಸಿ ಲದ್ದಿ ಕಂಡ್ರೆ ಎಂಥ ಹಕ್ಕಿ ಇದ್ರೂ ಸರಿ, ವಾಪಸ್ ಬಂದುಬಿಡಿ.